ಆ ಇನ್‌ಲ್ಯಾಂಡ್ 1962ರದ್ದಲ್ಲ

ಪ್ರಿಯರೇ,

ವಿರಾಜಪೇಟೆಯಿಂದ ನೀವು ಕಳಿಸಿದ ಲೇಖನ ತಲುಪಿತು. ಸಣ್ಣ ಪತ್ರಿಕೆ ನಡೆಸಿದ ಪ್ರಯೋಗಶೀಲ ಕವಿಯೊಬ್ಬರ ಬದುಕನ್ನು, ಅಟ್ಟದ ಟ್ರಂಕಿನಲ್ಲಿ ಉಳಿದ ಕಾಗದಪತ್ರಗಳಿಂದ ಬರೆದಿದ್ದೀರಿ. ಮನೆಯವರ ಒಪ್ಪಿಗೆ ಇನ್ನೂ ಸಿಕ್ಕಿಲ್ಲ ಎಂದಿರುವುದರಿಂದ ಹೆಸರನ್ನು ನಾನೂ ಎತ್ತುವುದಿಲ್ಲ. ಭಾಷೆ ಚೆನ್ನಾಗಿದೆ, ಶ್ರಮ ಕಾಣುತ್ತದೆ. ಆದರೆ ಎರಡು ಕಡೆ ನನಗೆ ಸಿಟ್ಟೇ ಬಂತು.

ಎರಡನೇ ಪುಟ: “1962ರ ಕಕ್ಕಡದ ಮಳೆಯಲ್ಲಿ, ಹೊಸ ‘ಸಾಕ್ಷಿ’ ಓದಿ ಪುಳಕಗೊಂಡ ಗೆಳೆಯರೊಬ್ಬರು ನಡುಗುವ ಕೈಯಿಂದ ಕವಿಗೆ ಈ ಇನ್‌ಲ್ಯಾಂಡ್ ಬರೆದರು.” ಆ ಇನ್‌ಲ್ಯಾಂಡಿನಲ್ಲಿ, ಅಂದರೆ ಅಂಚೆಚೀಟಿ ಅಚ್ಚಾಗಿಯೇ ಬರುವ ಮಡಚುವ ಪತ್ರದಲ್ಲಿ, ತಾರೀಖಿಲ್ಲ. ಗೋಪಾಲಕೃಷ್ಣ ಅಡಿಗರ ‘ಸಾಕ್ಷಿ’ ಪತ್ರಿಕೆ ಹೊರಟದ್ದು 1962ರಲ್ಲಿ, ಆದ್ದರಿಂದ ಪತ್ರವೂ ಆಗಿನದೇ ಎಂದುಕೊಂಡಿರಿ. ನೀವೇ ಕಳಿಸಿದ ಫೋಟೋ ನೋಡಿ. ವಿಳಾಸದಲ್ಲಿ ಮಡಿಕೇರಿಯ ಕೆಳಗೆ ಅದೇ ಶಾಯಿಯಲ್ಲಿ 571201 ಎಂದಿದೆ. ಪಿನ್‌ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಪುಳಕದ ಬಗ್ಗೆ ಬರೆದ ಇಡೀ ಪುಟ ಬಿದ್ದುಹೋಯಿತು. ಇನ್ನು ನಡುಗುವ ಕೈ? ಕಾಗದಕ್ಕೆ ನೀರು ತಾಗಿ ಶಾಯಿ ಹರಡಿದೆ, ಅಷ್ಟೇ.

ತಾರೀಖಿಲ್ಲದ ಪತ್ರದಲ್ಲಿ ಮೊದಲು ಅಂಚೆ ಮುದ್ರೆ ಹುಡುಕಬೇಕು. ಹೊರಟ ಊರಿನದು ಮಸಿಯಾಗಿದ್ದರೆ ತಲುಪಿದ ಊರಿನದು ಇನ್ನೊಂದು ಬದಿಯಲ್ಲಿ ಸಿಗಬಹುದು. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಆಮೇಲೆ ಅಂಚೆಚೀಟಿ. ಬೆಲೆ ಆಣೆಯಲ್ಲಿದ್ದರೆ ಚೀಟಿ 1957ರ ಏಪ್ರಿಲ್‌ಗೂ ಮುಂಚೆ ಅಚ್ಚಾದದ್ದು, ‘ನಯೇ ಪೈಸೆ’ ಎಂದಿದ್ದರೆ ಅಲ್ಲಿಂದೀಚಿನದು. ಅಚ್ಚಾದ ಚೀಟಿಯ ಪಕ್ಕ ಇನ್ನೊಂದನ್ನು ಅಂಟಿಸಿದ್ದರೆ, ದರ ಏರಿದ ಮೇಲೆ ಹಳೆಯ ಇನ್‌ಲ್ಯಾಂಡ್ ಬಳಸಿರುವ ಸಾಧ್ಯತೆ ಹೆಚ್ಚು. ‘ಮೈಸೂರು ರಾಜ್ಯ’ ಎಂಬ ವಿಳಾಸವನ್ನು ಮಾತ್ರ ನೆಚ್ಚಬೇಡಿ. 1973ರ ನವೆಂಬರ್‌ನಲ್ಲಿ ಕರ್ನಾಟಕವಾದ ಮೇಲೂ ರೂಢಿಯ ಕೈ ಹಾಗೇ ಬರೆಯುತ್ತದೆ. ಏನೂ ಸಿಗದಿದ್ದರೆ ‘1972ರ ಆಗಸ್ಟ್ ನಂತರ’ ಎಂದು ಬರೆದು ಸುಮ್ಮನಾಗಿ.

ಐದನೇ ಪುಟದಲ್ಲಿ ಗ್ಯಾಲಿ ಪ್ರೂಫ್ (ಪುಟ ಕಟ್ಟುವ ಮೊದಲು ತಿದ್ದಲು ತೆಗೆಯುವ ಅಚ್ಚುಪ್ರತಿ) ಬಗ್ಗೆ: “ಸಾಲಿನ ಬಾಲ ಕತ್ತರಿಸಿ ಕೆಳಗೆಸೆಯುವ ಬಂಡಾಯ.” ಬಂಡಾಯವೂ ಇಲ್ಲ, ಮಣ್ಣೂ ಇಲ್ಲ. ಅಕ್ಷರದ ಮೊಳೆ ಜೋಡಿಸುವ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದಲು ಕಲಿಯುವಾಗ ನನಗೆ ಹೇಳಿಕೊಟ್ಟ ಮೊದಲ ಪಾಠ ಇದು: ಸಾಲು ಸ್ಟಿಕ್ಕಿನ (ಮೊಳೆ ಜೋಡಿಸುವ ಪಟ್ಟಿಯ) ಅಳತೆ ಮೀರಿದರೆ ಮೊಳೆ ಜೋಡಿಸುವ ಕಂಪೋಸಿಟರ್ ಉಳಿದ ಪದವನ್ನು ಕೆಳಗಿಳಿಸಿ, ಎಡಕ್ಕೆ ಕ್ವಾಡ್ (ಅಚ್ಚಾಗದ ಖಾಲಿ ಮೊಳೆ) ತುಂಬಿ ಒಳಗೆ ತಳ್ಳುತ್ತಾನೆ. ಸ್ಕೇಲ್ ಇಟ್ಟು ಅಳೆಯಿರಿ. ತುಂಡಾದ ಸಾಲುಗಳೆಲ್ಲ ಬಲ ಅಂಚಿನವರೆಗೆ ತುಂಬಿದ್ದು, ಗಿಡ್ಡ ಸಾಲೊಂದೂ ತುಂಡಾಗಿರದಿದ್ದರೆ ಅದು ಅಳತೆಯ ಕೆಲಸ. ನಿಮ್ಮ ಪ್ರೂಫಿನಲ್ಲಿ ಐದಕ್ಕೆ ಐದೂ ಹಾಗೇ ಇವೆ. ಹಸ್ತಪ್ರತಿಯಲ್ಲಿ ಅವೇ ಸಾಲುಗಳು ತುಂಡಾಗಿಲ್ಲ. ಕವಿಯ ಕೈ ಇರುವುದು ಅಂಚಿನಲ್ಲಿ. ಎರಡು ಕಡೆ ಪೂರ್ಣವಿರಾಮ ಹೊಡೆದುಹಾಕಿ, ಪದಗಳ ನಡುವೆ ಜಾಗ ಬಿಡಿ ಎಂದು # ಗುರುತು ಹಾಕಿದ್ದಾರೆ. ಪ್ರಯೋಗವೆಂದರೆ ಅದು! ಅದರ ಬಗ್ಗೆ ನಿಮ್ಮದು ಒಂದು ಮಾತೂ ಇಲ್ಲ.

ಪತ್ರದ ಹಕ್ಕು ಬರೆದವರದು, ಅವರಿಲ್ಲದಿದ್ದರೆ ವಾರಸುದಾರರದು. ಗೆಳೆಯರ ಪತ್ರ ಅಚ್ಚು ಹಾಕಲು ಟ್ರಂಕಿನ ಮನೆಯವರ ಒಪ್ಪಿಗೆಯೊಂದೇ ಸಾಲದು.

ಪತ್ರಗಳನ್ನು ಲ್ಯಾಮಿನೇಷನ್‌ಗೆ ಕೊಡುತ್ತೇನೆ ಎಂದಿದ್ದೀರಿ. ಬೇಡ. ಬಿಸಿಗೆ ಅಂಟು ಕಾಗದಕ್ಕೆ ಹಿಡಿದರೆ ಮತ್ತೆ ಬಿಡಿಸಲಾಗದು. ತುಕ್ಕು ಹಿಡಿದ ಗುಂಡುಪಿನ್ನನ್ನು ಎಳೆಯಬೇಡಿ, ಅಡಿಗೆ ಗಟ್ಟಿ ಕಾಗದದ ಚೂರು ತೂರಿಸಿ ಮೆಲ್ಲಗೆ ಬಿಡಿಸಿ. ತಿದ್ದಿದ ಲೇಖನದ ಜೊತೆ ಆ ಇನ್‌ಲ್ಯಾಂಡಿನ ಹಿಂಬದಿಯ ಫೋಟೋವನ್ನೂ ಕಳಿಸಿ. ನೀವು ತೆಗೆದದ್ದು ಮುಂಬದಿ ಮಾತ್ರ.