ಬಸವನಹುಳು ತಿನ್ನುವ ಮರಹಾವನ್ನು ತಂದು ಹೊಲಕ್ಕೆ ಬಿಡಬಹುದಾ?

ಬೇಡ. ಸೋಯಾ ಹೊಲಕ್ಕೆ ಬಸವನಹುಳು ಬಿದ್ದಿದೆ, ಅದನ್ನು ತಿನ್ನುವ ವಿಷವಿಲ್ಲದ ಮರಹಾವು ಎಲ್ಲಿ ಸಿಗುತ್ತದೆ ಎಂದು ಕೇಳಿದ್ದೀರಿ. ಇದೇ ಆಸೆಗೆ ಬಿದ್ದು ನಾನು ಎರಡು ಎಕರೆ ಪೈರು ಕಳೆದುಕೊಂಡೆ.

ನಮ್ಮದು ಬೀದರ್ ಜಿಲ್ಲೆಯ ಭಾಲ್ಕಿ ತಾಲೂಕು. 2022ರಲ್ಲಿ ಲಾತೂರ್ ಕಡೆ ಬಸವನಹುಳು ಸೋಯಾ ಪೈರನ್ನೇ ಮೇಯ್ದು ಹಾಕಿದ್ದವು, ನೆನಪಿದೆ ಅಲ್ವಾ? ಮರುವರ್ಷ ನಮ್ಮ ಬದುವಿಗೂ ಬಂದವು. ಆಗಷ್ಟೇ ಮೊಳಕೆ ಎದ್ದಿತ್ತು. ಅದೇ ವಾರ ಮೊಬೈಲ್‌ನಲ್ಲಿ ಒಂದು ವಿಡಿಯೋ ನೋಡಿದೆ. ಬಳ್ಳಿಯಂಥ ಹಾವು, ಮೊಂಡು ಮೂತಿ, ದೊಡ್ಡ ಕಣ್ಣು. ಕೆಳದವಡೆಯನ್ನು ಚಿಪ್ಪಿನೊಳಗೆ ತೂರಿಸಿ, ಚಿಪ್ಪು ಒಡೆಯದೆ ಹುಳುವನ್ನು ಮೆಲ್ಲಗೆ ಎಳೆದು ನುಂಗುತ್ತಿತ್ತು. ಎರಡು ದಿನಕ್ಕೆ ನಮ್ಮ ಬೇವಿನ ಮರದಲ್ಲೂ ತೆಳ್ಳಗಿನ, ದೊಡ್ಡ ಕಣ್ಣಿನ ಕಂದು ಹಾವೊಂದು ಕಂಡಿತು. ಅದೇ ಇದು ಅಂದುಕೊಂಡೆ.

ಹಾವನ್ನು ಗುರುತಿಸಲಾಗದ್ದು ದೊಡ್ಡ ತಪ್ಪಲ್ಲ. ತಪ್ಪು ಆಮೇಲೆ ಮಾಡಿದ್ದು. ಹುಳು ಆರಿಸುವುದನ್ನು ನಿಲ್ಲಿಸಿಬಿಟ್ಟೆ. ಹಾವಿಗೆ ಊಟ ಉಳಿಯಲಿ ಅಂತ ಮಕ್ಕಳಿಗೂ ಆರಿಸಬೇಡಿ ಅಂದೆ. ತಂದಿಟ್ಟಿದ್ದ ಔಷಧಿ ಕಾಳನ್ನೂ ಹಾಕಲಿಲ್ಲ, ಅದನ್ನು ತಿಂದ ಹುಳುವಿನಿಂದ ಹಾವು ಸಾಯಬಾರದು ಅಂತ. ಒಂಬತ್ತು ರಾತ್ರಿ ಬ್ಯಾಟರಿ ಹಿಡಿದು ಮರದ ಕೆಳಗೆ ಕೂತೆ. ಒಂಬತ್ತನೆಯ ರಾತ್ರಿ ಕಾಕಾ ಬಂದು, "ಮ್ಯಾಲ ಹಾವು ನೋಡ್ಲಾಕತ್ತಿ, ಕೆಳಗ ಪೈರು ನೋಡಿಯೇನು?" ಅಂದರು. ಬೆಳಕನ್ನು ನೆಲಕ್ಕೆ ತಿರುಗಿಸಿದೆ. ಬದುವಿನ ಪಕ್ಕದ ಸಾಲುಗಳಲ್ಲಿ ಬರೀ ದಂಟುಗಳು. ಒಂದೊಂದು ದಂಟಿನ ಸುತ್ತ ಹೊಳೆಯುವ ಲೋಳೆಯ ಗೆರೆ.

ಒಂಬತ್ತು ದಿನದಲ್ಲಿ ಅಷ್ಟೆಲ್ಲ ಹೇಗೆ ಹೋಯಿತು ಅಂತೀರಾ? ಮೊಳಕೆಯ ಜೊತೆ ಮೇಲೆ ಬರುವ ಎರಡು ದಪ್ಪ ಬೀಜದೆಲೆಗಳು, ಅವುಗಳ ನಡುವಿನ ಸುಳಿ, ಇವನ್ನು ಹುಳು ಮೊದಲು ತಿನ್ನುತ್ತದೆ. ಅವೆರಡೂ ಹೋದರೆ ಗಿಡ ಮತ್ತೆ ಚಿಗುರುವುದಿಲ್ಲ. ಗಿಡ ಬೆಳೆದ ಮೇಲೆ ಎಲೆಗೆ ತೂತು ಬಿದ್ದರೂ ಸುಧಾರಿಸಿಕೊಳ್ಳುತ್ತದೆ. ಮೊದಲ ಹದಿನೈದು ದಿನ ಕಾಯಬೇಕು, ಆ ದಿನಗಳನ್ನೇ ನಾನು ಹಾವಿಗೆ ಬಿಟ್ಟುಕೊಟ್ಟೆ. ಮತ್ತೆ ಬೀಜ ತಂದು ಬಿತ್ತಿದೆ, ಆದರೆ ಹದ ದಾಟಿತ್ತು. ಕಾಯಿ ಸರಿಯಾಗಿ ಕಟ್ಟಲೇ ಇಲ್ಲ.

ಮರದ ಮೇಲಿದ್ದದ್ದು ಬೆಕ್ಕುಕಣ್ಣಿನ ಹಾವು. ಹಾವು ಬಲ್ಲವರೊಬ್ಬರು ಆಮೇಲೆ ನೋಡಿ ಹೇಳಿದರು. ಅದಕ್ಕೆ ಓತಿಕ್ಯಾತ, ಹಲ್ಲಿ ಬೇಕು, ಬಸವನಹುಳು ಅಲ್ಲ. ಅದಕ್ಕೆ ಸ್ವಲ್ಪ ವಿಷವೂ ಇದೆ, ಮನುಷ್ಯನನ್ನು ಕೊಲ್ಲುವಷ್ಟಲ್ಲ. ಆದರೆ ನೋಡಲು ಹೆಚ್ಚುಕಡಿಮೆ ಅದರಂತೆಯೇ ಇರುವ ಗರಗಸ ಮಂಡಲದ ಕಡಿತ ಜೀವ ತೆಗೆಯುತ್ತದೆ, ಅದೂ ಗಿಡಗಂಟಿ ಹತ್ತುತ್ತದೆ. ಹಾಗಾಗಿ ಯಾವುದನ್ನೂ ಹಿಡಿಯಲು ಹೋಗಬೇಡಿ.

ನೀವು ಕೇಳಿದ ಹಾವುಗಳು ಮಧ್ಯ ಮತ್ತು ದಕ್ಷಿಣ ಅಮೆರಿಕದ ಡಿಪ್ಸಾಸ್ ಗುಂಪಿನವು. ಏಷ್ಯಾದಲ್ಲಿ ಪರಿಯಾಸ್ ಎಂಬ ಗುಂಪು ಬೇರೆ ಇದೆ. ನಮ್ಮ ದೇಶದಲ್ಲಿ ಅದು ಅಸ್ಸಾಂ ಕಡೆಯ ತೇವದ ಕಾಡುಗಳಲ್ಲಿದೆ. ಜಪಾನಿನ ಒಂದು ಜಾತಿಗೆ ಬಲಗಡೆ ಕೆಳದವಡೆಯಲ್ಲಿ ಸುಮಾರು 25 ಹಲ್ಲು, ಎಡಗಡೆ 18. ಹೆಚ್ಚಿನ ಬಸವನಹುಳುಗಳ ಚಿಪ್ಪು ಬಲಕ್ಕೆ ಸುತ್ತಿರುತ್ತದಲ್ಲ, ಅದಕ್ಕೆ ತಕ್ಕ ಹಲ್ಲು! ಅಂಥ ನಾಜೂಕಿನ ಜೀವಿಯನ್ನು ಬೀದರಿನ ಬೇಸಿಗೆಗೆ ತಂದು ಕೊಲ್ಲುವುದೇ? ಬದುಕಿದರೂ ಕಷ್ಟವೇ. ಬಸವನಹುಳು ತಿನ್ನಲಿ ಅಂತ 1955ರಲ್ಲಿ ಹವಾಯಿಗೆ ಇನ್ನೊಂದು ಬೇಟೆಗಾರ ಬಸವನಹುಳುವನ್ನೇ ತಂದು ಬಿಟ್ಟರು. ಅದು ಅಲ್ಲಿನ ಬಡಪಾಯಿ ಸ್ಥಳೀಯ ಹುಳುಗಳ ಎಷ್ಟೋ ಜಾತಿಗಳನ್ನು ತಿಂದು ಮುಗಿಸಿತು.

ಈಗ ನಾನು ಸಂಜೆ ಬದುಗುಂಟ ಗೋಣಿಚೀಲ ಒದ್ದೆ ಮಾಡಿ, ಬೆಲ್ಲದ ನೀರು ಚಿಮುಕಿಸಿ ಹಾಸುತ್ತೇನೆ. ಬೆಳಿಗ್ಗೆ ಬಿಸಿಲೇರುವ ಮೊದಲು ಎತ್ತಿದರೆ ಅಡಿಗೆ ಗುಂಪಾಗಿ ಸೇರಿರುತ್ತವೆ. ಕೈಗವಸು ಹಾಕಿ ಆರಿಸಿ ಉಪ್ಪುನೀರಿನ ಬಕೆಟ್‌ಗೆ ಹಾಕುತ್ತೇನೆ. ಬರಿಗೈಲಿ ಮುಟ್ಟಬೇಡಿ, ಅವುಗಳಿಂದ ರೋಗ ಬರಬಹುದು. ಮಣ್ಣಿನಲ್ಲಿ ಸಾಬೂದಾನಿಗಿಂತ ಸ್ವಲ್ಪ ದೊಡ್ಡ ಮೊಟ್ಟೆಗಳು ಕಂಡರೆ ಅವನ್ನೂ ಬಿಡಬೇಡಿ, ಒಂದೊಂದು ಗೂಡಲ್ಲಿ ನೂರರ ಮೇಲೆ ಇರುತ್ತವೆ.

ನೀವು ಬಿತ್ತಿ ಎಷ್ಟು ದಿನವಾಯಿತು, ಹೇಳಿಲ್ಲ. ಹದಿನೈದು ದಿನದೊಳಗಿದ್ದರೆ ಇವತ್ತು ಸಂಜೆಯೇ ಗೋಣಿಚೀಲ ಹಾಸಿ.