ಸಾಲಿ ಬಿಟ್ಟ ಮೇಲೆ ಮಾಸ್ತರರ ಕೆಲಸ

ದೋಸ್ತ, ನೀನು ಒಂದೇ ಉಸಿರಿಗೆ ಎರಡು ಪ್ರಶ್ನೆ ಕೇಳಿದೆ. ರಾಯಚೂರಿನವರೆಲ್ಲ ತೆಲುಗು ಮಾತಾಡ್ತಾರಲ್ವಾ, ಅಲ್ಲಿ ಕನ್ನಡ ಮಾಸ್ತರಿಗೆ ಏನು ಕೆಲಸ ಅಂತ ಒಂದು. ಸಂಜೆ ಸಾಲಿ ಬಿಟ್ಟ ಮೇಲೆ ಆರಾಮ ತಾನೆ ಅಂತ ಇನ್ನೊಂದು. ಬೆಂಗಳೂರಿನವರು ಇದನ್ನು ಕೇಳಿ ಕೇಳಿ ನನಗೆ ರೂಢಿಯಾಗಿದೆ. ಸಿಟ್ಟಿಲ್ಲ, ಸ್ವಲ್ಪ ಮಾತ್ರ ಇದೆ.

ಮೊದಲನೆಯದನ್ನು ಬೇಗ ಮುಗಿಸುತ್ತೇನೆ. ನಮ್ಮದು ಎರಡು ಹೊಳೆ ನಡುವಿನ ಸೀಮೆ. ಶಕ್ತಿನಗರದ ಆಚೆ ಕೃಷ್ಣೆ ದಾಟಿದರೆ ತೆಲಂಗಾಣ, ಮಂತ್ರಾಲಯದ ಕಡೆ ತುಂಗಭದ್ರೆ ದಾಟಿದರೆ ಆಂಧ್ರ. ಸಂತೆಗೆ ಹೋದರೆ ತೆಲುಗೂ ಕೇಳಿಸುತ್ತದೆ, ಉರ್ದುವೂ ಕೇಳಿಸುತ್ತದೆ. ನಾನೂ ಎರಡರಲ್ಲೂ ಚೌಕಾಸಿ ಮಾಡುತ್ತೇನೆ. ಅಷ್ಟಕ್ಕೇ ಕನ್ನಡ ಕಮ್ಮಿ ಆಯ್ತಾ? ಜಗನ್ನಾಥದಾಸರು ನಮ್ಮ ಮಾನ್ವಿಯವರು, ಅವರ ಹಾಡು ಯಾವ ಭಾಷೆಯಲ್ಲಿದೆ ನೋಡು. 1956ರ ನವೆಂಬರ್ 1ರವರೆಗೆ ನಾವು ಹೈದರಾಬಾದ್ ರಾಜ್ಯದಲ್ಲಿದ್ದೆವು. ನಿಜಾಮನ ಕಾಲದಲ್ಲಿ ಸಾಲಿಯಲ್ಲಿ ಉರ್ದು ಕಲಿತು, ಮನೆಯಲ್ಲಿ ಕನ್ನಡ ಉಳಿಸಿಕೊಂಡವರ ಮೊಮ್ಮಕ್ಕಳು ನಾವು. ನಮಗೆ ಕನ್ನಡದ ಸರ್ಟಿಫಿಕೇಟ್ ಕೊಡುವ ಮೊದಲು ನಿನ್ನ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಯಾವ ಭಾಷೆ ನಡೆಯುತ್ತದೆ ಅಂತ ಒಮ್ಮೆ ಕೇಳಿಸಿಕೋ.

ಇನ್ನು ಎರಡನೆಯದು. ಮನೆಗೆ ಬಂದು ಚಹಾ ಕುಡಿಯುವುದು, ನೋಟ್‌ಬುಕ್ ತಿದ್ದುವುದು ಎಲ್ಲಾ ಮಾಸ್ತರರಿಗೂ ಇದ್ದದ್ದೇ. ಮತದಾರರ ಪಟ್ಟಿ, ಗಣತಿ, ಸಮೀಕ್ಷೆ ಅಂತ ನಮ್ಮನ್ನು ಮನೆಮನೆ ತಿರುಗಿಸುವುದೂ ನಿನಗೆ ಗೊತ್ತು, 2025ರ ದಸರಾ ರಜೆ ಹಾಗೇ ಹೋಯಿತು. ಯಾರಿಗೂ ಗೊತ್ತಿಲ್ಲದ್ದು ಬೇರೆ ಇದೆ. ನನ್ನ ಸಂಜೆಗಳನ್ನೆಲ್ಲ ತಿನ್ನುವುದು ಜನರ ಹೆಸರು.

ಕ್ಯಾರಿಬ್ಯಾಗ್ ಹಿಡಿದು ಯಾರೋ ಒಬ್ಬರು ಕಟ್ಟೆ ಮೇಲೆ ಕೂತಿರುತ್ತಾರೆ. ನರಸಮ್ಮ ಅಂತ ಇಟ್ಟುಕೋ, ನಿಜವಾದ ಹೆಸರು ಬೇಡ. ತವರು ಕೃಷ್ಣೆಯಾಚೆ, ತೆಲಂಗಾಣದ ಮಕ್ತಲ್ ಕಡೆ. ಅಲ್ಲಿ ಮಾಡಿಸಿದ ಆಧಾರ್‌ನಲ್ಲಿ ಮನೆತನದ ಹೆಸರು ಮುಂದೆ ಬಂದು 'ಕೊಂಡಾ ನರಸಮ್ಮ' ಆಗಿದ್ದಾಳೆ, ಅದೂ ತೆಲುಗು ಅಕ್ಷರದಲ್ಲಿ. ಇಲ್ಲಿನ ರೇಷನ್ ಕಾರ್ಡಿನಲ್ಲಿ 'ನರಸಮ್ಮ ಗಂಡ ತಿಮ್ಮಪ್ಪ'. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಯಾರೋ ಶ್ರದ್ಧೆಯಿಂದ 'ನರಸಿಂಹಮ್ಮ' ಮಾಡಿಟ್ಟಿದ್ದಾರೆ. ಮೂರೂ ಒಂದಕ್ಕೊಂದು ಹೊಂದುವುದಿಲ್ಲ, ಹೀಗಾಗಿ ಗೃಹಲಕ್ಷ್ಮಿಯ 2000 ರೂಪಾಯಿ ಬರುತ್ತಿಲ್ಲ. ಹೊಲದ ಹಳೇ ಕಾಗದ ತೆಗೆದರೆ ಅದು ಉರ್ದುವಿನಲ್ಲಿದೆ, ಮಾವನ ಅಪ್ಪನ ಹೆಸರು ಓದಿಸಲು ಇನ್ನೊಬ್ಬರನ್ನು ಹುಡುಕಬೇಕು. ತಿದ್ದಿಸಿ ಅಂದುಬಿಡುವುದು ಸುಲಭ. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ 2 ಸಲ, ಹುಟ್ಟಿದ ತಾರೀಖನ್ನು ಒಂದೇ ಸಲ ಬದಲಿಸಬಹುದು. ಒಂದು ಅವಕಾಶವನ್ನು ಯಾವುದೋ ಸೆಂಟರಿನವನು ಆಗಲೇ ಹಾಳು ಮಾಡಿರುತ್ತಾನೆ.

ನನ್ನ ಸಹಿ ನಡೆಯಲ್ಲಮ್ಮಾ, ಗೆಜೆಟೆಡ್ ಆಫೀಸರ್ ಸಹಿ ಬೇಕು ಅಂತ ನಾನು. "ಇರ್ಲಿ ಬಿಡ್ರಿ ಸರ್, ನೀವು ಬರ್ದು ಕೊಡ್ರಿ, ನಿಮ್ಮ ಅಕ್ಷರ ಚೆಂದ ಅದಾವ" ಅಂತ ಅವಳು. ಬರೆದು ಕೊಡುತ್ತೇನೆ. ಇಬ್ಬರೂ ಒಬ್ಬಳೇ ಅಂತ ಹೇಳುವ ಅಫಿಡವಿಟ್ಟಿನ ಒಕ್ಕಣೆ ನನಗೆ ನಾಡಗೀತೆಗಿಂತ ಚೆನ್ನಾಗಿ ಬಾಯಿಗೆ ಬರುತ್ತದೆ.

ಮಕ್ಕಳದ್ದು ಇನ್ನೂ ಜಾಸ್ತಿ ಗೋಳು. ಅಪ್ಪ ಅವ್ವ ಗುಳೆ ಹೋಗುತ್ತಾರೆ, ಹೈದರಾಬಾದೋ ಪುಣೆಯೋ, ಕಟ್ಟಡದ ಕೆಲಸಕ್ಕೆ. ಮಗುವಿನ ಆಧಾರ್ ಅಲ್ಲೇ ಆಗುತ್ತದೆ. ಇಲ್ಲಿಂದ ಹೋದ ನಾಗರಾಜ ಹೈದರಾಬಾದಿನಿಂದ ನಾಗರಾಜು ಆಗಿ ಬರುತ್ತಾನೆ. ಸಾಲಿಯ ದಾಖಲಾತಿ ರಿಜಿಸ್ಟರಿನಲ್ಲಿ ನಾಗರಾಜನೇ ಇದ್ದಾನೆ. ಈಗ ಅಪಾರ್ ಐಡಿ, ಅಂದರೆ ವಿದ್ಯಾರ್ಥಿಯ ಗುರುತಿನ ಸಂಖ್ಯೆ ಮಾಡಬೇಕು, ಎರಡೂ ಕಡೆ ಹೆಸರು ಅಕ್ಷರ ಅಕ್ಷರ ಹೊಂದಬೇಕು, ಒಂದು ಕೊಂಬು ಹೆಚ್ಚಾದರೂ ಕಂಪ್ಯೂಟರ್ ಒಪ್ಪುವುದಿಲ್ಲ. ಅಪ್ಪನಿಗೆ ಫೋನ್ ಮಾಡಿದರೆ "ಯಾವ್ದಾರ ಒಂದು ಇಡ್ರಿ ಸರ್, ಮನ್ಯಾಗ ನಾವು ಪುಟ್ಟ ಅಂತೀವಿ" ಅನ್ನುತ್ತಾನೆ.

1915ರಲ್ಲಿ ನಮ್ಮ ಮಸ್ಕಿಯಲ್ಲಿ ಒಂದು ಶಾಸನ ಸಿಕ್ಕಿತು, ನೆನಪಿದೆಯಾ? ಅದಕ್ಕೆ ಮೊದಲು ಸಿಕ್ಕ ಬಂಡೆಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಅಂತ ರಾಜನ ಬಿರುದು ಇತ್ತು, ಹೆಸರಿರಲಿಲ್ಲ. ಮಸ್ಕಿಯ ಬಂಡೆಯಲ್ಲಿ ಅಶೋಕ ಅಂತ ನೇರವಾಗಿಯೇ ಇತ್ತು, ಇಬ್ಬರೂ ಒಬ್ಬನೇ ಅಂತ ಗಟ್ಟಿಯಾಯಿತು. ಚಕ್ರವರ್ತಿಯ ಹೆಸರನ್ನೇ ಹೊಂದಿಸಿ ಕೊಟ್ಟ ಜಿಲ್ಲೆ ಇದು. ನರಸಮ್ಮನದ್ದು ಮಾತ್ರ ಇನ್ನೂ ಪೆಂಡಿಂಗ್.

ಇವರಿಗೆಲ್ಲ ಹೆಸರು ಸರಿಯಾಗಿ ಹೇಳಲು ಬರುವುದಿಲ್ಲ ಅಂತ ನಗಬೇಡ. ನರಸಮ್ಮನಿಗೆ ತನ್ನ ಹೆಸರು ಚೆನ್ನಾಗಿ ಗೊತ್ತು. ಗಡಿ ಎಳೆದವರು ಬೇರೆ, ಸೊಸೆ ತಂದವರು ಬೇರೆ. ಹೊಳೆಯಾಚೆಯೂ ನಮ್ಮ ಬೀಗರಿದ್ದಾರೆ, ಕನ್ನಡ ಮಾತಾಡುವ ಮನೆಗಳಿವೆ. ಬಾಣಂತನಕ್ಕೆ ಅಲ್ಲಿಗೆ ಹೋಗುತ್ತಾರೆ, ಜಾತ್ರೆಗೆ ಇಲ್ಲಿಗೆ ಬರುತ್ತಾರೆ. ಕಾಗದ ಮಾತ್ರ ಎರಡೂ ದಡದಲ್ಲಿ ಬೇರೆ ಬೇರೆ ಸರ್ಕಾರದ್ದು, ನಡುವೆ ಸುಮ್ನೆ ಸಿಕ್ಕಿಕೊಂಡವನು ನಾನು.

ಹುಟ್ಟಿದ ತಾರೀಖಿನ ಕಥೆ ಕೇಳಿದರೆ ಇನ್ನೂ ನಗುತ್ತೀಯ. ನಮ್ಮೂರಿನ ನಡುವಯಸ್ಸಿನವರ ದಾಖಲೆ ತೆಗೆದು ನೋಡು, ಅರ್ಧ ಊರು ಜೂನ್ 1ಕ್ಕೇ ಹುಟ್ಟಿದೆ. "ಕಾರ ಹುಣ್ಣಿಮೆ ಮುಂದ ಹುಟ್ಟ್ಯಾನ್ರಿ" ಅಂತ ಅವ್ವ ಹೇಳುತ್ತಿದ್ದಳು. ಮಾಸ್ತರರು ಹುಡುಗನ ಎತ್ತರ ನೋಡಿ ವರ್ಷ ಹಾಕಿ, ಸಾಲಿ ಶುರುವಾಗುವ ಲೆಕ್ಕಕ್ಕೆ ಜೂನ್ 1 ಅಂತ ಬರೆಯುತ್ತಿದ್ದರು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳ ತಾರೀಖಿಗೆ ಜನನ ಪ್ರಮಾಣಪತ್ರವೇ ಪುರಾವೆ, ಮಾಸ್ತರರ ಆ ಅಧಿಕಾರ ಹೋಯಿತು. ಒಳ್ಳೆಯದೇ ಆಯಿತು ಬಿಡು.

ನನ್ನದೂ ಜೂನ್ 1. ನೀನು ಪ್ರತಿ ವರ್ಷ ಆವತ್ತು ಕೇಕಿನ ಫೋಟೋ ಕಳಿಸುತ್ತೀಯಲ್ಲ, ನಾನು ಹುಟ್ಟಿದ್ದು ನಿಜಕ್ಕೂ ಚಳಿಗಾಲದಲ್ಲಂತೆ. ಅದು ಹೋಗಲಿ, ರೂಲ್ಸ್ ಹೇಗಿದೆ ಗೊತ್ತಾ? ತಿಂಗಳ 1ನೇ ತಾರೀಖು ಹುಟ್ಟಿದ ಸರ್ಕಾರಿ ನೌಕರ ಹಿಂದಿನ ತಿಂಗಳ ಕೊನೇ ದಿನವೇ ನಿವೃತ್ತಿ. ಅಂದರೆ 60 ತುಂಬುವಾಗ ನನ್ನನ್ನು ಮೇ 31ಕ್ಕೇ ಮನೆಗೆ ಕಳಿಸುತ್ತಾರೆ. ನಮ್ಮ ಮಾಸ್ತರರು ಅವತ್ತು ಜೂನ್ 2 ಅಂತ ಬರೆದಿದ್ದರೆ ನನಗೆ ಇನ್ನೊಂದು ತಿಂಗಳ ಪಗಾರ ಬರುತ್ತಿತ್ತು.