ಚೋಕ್ ಎಳೆದರೆ ಮಾತ್ರ ಓಡುವ ಬೈಕು: ಮೊದಲು ಕಾರ್ಬ್ಯುರೇಟರ್ ಬೌಲ್ ನೋಡಿ

ಡೊಂಬಿವಲಿಯ ಮಳೆಯಲ್ಲಿ ಒಂದೂವರೆ ತಿಂಗಳು ನಿಂತಿದ್ದ ನಿಮ್ಮ ಹಳೆಯ ಕಾರ್ಬ್ಯುರೇಟರ್ ಬೈಕು ಈಗ ಚೋಕ್ (ಗಾಳಿಗೆ ಹೋಲಿಸಿದರೆ ಪೆಟ್ರೋಲಿನ ಪಾಲು ಹೆಚ್ಚಿಸುವ ಲಿವರ್) ಎಳೆದರೆ ಮಾತ್ರ ಓಡುತ್ತದೆ, ಬಿಟ್ಟೊಡನೆ ನಿಲ್ಲುತ್ತದೆ ಎಂದು ಬರೆದಿದ್ದೀರಿ. ಎಂಜಿನ್‌ಗೆ ಪೆಟ್ರೋಲ್ ಸಾಲುತ್ತಿಲ್ಲವೆಂಬುದಕ್ಕೆ ಇದು ಸ್ಪಷ್ಟ ಲಕ್ಷಣವಾದ್ದರಿಂದ, ಪ್ಲಗ್‌ಗೆ ದುಡ್ಡು ಸುರಿಯುವ ಮೊದಲು, ಎಂಜಿನ್ ತಣ್ಣಗಿರುವಾಗ ಪೆಟ್ರೋಲ್ ಕಾಕ್ ಮುಚ್ಚಿ, ಬೌಲಿನ (ಕಾರ್ಬ್ಯುರೇಟರಿನ ಕೆಳಭಾಗದಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು) ತಳದ ಡ್ರೇನ್ ಸ್ಕ್ರೂ ಸಡಿಲಿಸಿ, ಇಳಿಯುವುದನ್ನು ಗಾಜಿನ ಲೋಟದಲ್ಲಿ ಹಿಡಿಯಿರಿ. ತಳದಲ್ಲಿ ಗುಂಡಗಿನ ಹನಿಗಳು ಉರುಳಾಡಿದರೆ ಅದು ನೀರು, ಶೇ. 20ರಷ್ಟು ಎಥೆನಾಲ್ ಬೆರೆತ ಈಗಿನ ಪೆಟ್ರೋಲು ತೇವ ಹೀರಿಕೊಳ್ಳುತ್ತದೆ, ಮಿತಿ ಮೀರಿದಾಗ ಎಥೆನಾಲ್ ನೀರಿನೊಡನೆ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಆಗ ಟ್ಯಾಂಕನ್ನೂ ಪೂರ್ತಿ ಖಾಲಿ ಮಾಡಲೇಬೇಕು. ನೀರು ಕಾಣದಿದ್ದರೆ ಬಹುತೇಕ ಪೈಲಟ್ ಜೆಟ್ (ಎಂಜಿನ್ ನಿಧಾನವಾಗಿ ಓಡುವಾಗ ಪೆಟ್ರೋಲ್ ಬಿಡುವ, ಸೂಕ್ಷ್ಮ ರಂಧ್ರದ ಪುಟ್ಟ ಹಿತ್ತಾಳೆ ಭಾಗ) ಕಟ್ಟಿಕೊಂಡಿರುತ್ತದೆ. ಕ್ಲೀನರ್ ಸ್ಪ್ರೇ ಹೊಡೆದು ಗಾಳಿ ಊದಿ. ದಯವಿಟ್ಟು ತಂತಿ ಚುಚ್ಚಬೇಡಿ, ಮೃದುವಾದ ಹಿತ್ತಾಳೆಯಾದ್ದರಿಂದ ರಂಧ್ರ ಅಗಲವಾಗಿಬಿಡುತ್ತದೆ.